ಕೇಸ್ ಬಿತ್ತು, ಕೇಸ್ ಬಿದ್ದೋಯ್ತು: ನಾಯಕರ ವಾಯಿದೆ ಮತ್ತು ಕದಲದ ಅಭಿಮಾನ

ನಮ್ಮ ಕೋಲಾರದ ಕಡೆ ‘ಕೇಸ್ ಬಿತ್ತು’ ಅಂದರೆ ಪೊಲೀಸರು ಪ್ರಕರಣ ದಾಖಲಿಸಿದರು ಎಂದರ್ಥ. ‘ಕೇಸ್ ಬಿದ್ದೋಯ್ತು’ ಅಂದರೆ ಅದು ನಿಲ್ಲಲಿಲ್ಲ, ಮುಗಿದುಹೋಯಿತು ಎಂದರ್ಥ. ಕಾನೂನಿನಲ್ಲಿ ಈ ಎರಡರ ನಡುವೆ ಹತ್ತಾರು ಮೆಟ್ಟಿಲುಗಳಿವೆ. ಊರಿನ ಮಾತಿನಲ್ಲಿ ಏನೂ ಇಲ್ಲ. ಗಂಭೀರ ಆರೋಪ ಬಂದ ಮೇಲೂ ಬೆಂಬಲಿಗರು ನಾಯಕನನ್ನು ಯಾಕೆ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಖಾಲಿ ಜಾಗದಿಂದ ಶುರುಮಾಡಬೇಕು ಎಂದು ನನಗೆ ಅನ್ನಿಸಿದೆ.

ನನ್ನ ಸೋದರಮಾವ ಅಂಥ ಒಬ್ಬ ಬೆಂಬಲಿಗ. ಎರಡೂವರೆ ಎಕರೆ ಹೊಲ, ನಾಲ್ಕು ಸೀಮೆಹಸು, ಒಂದು ಬೋರ್‌ವೆಲ್. ಅವರು ‘ಸಾಹೇಬ್ರು’ ಎಂದು ಕರೆಯುವ ನಾಯಕರೊಬ್ಬರ ಮೇಲೆ ಪ್ರಕರಣವಿದೆ. ಹೆಸರು ಇಲ್ಲಿ ಬೇಡ. ವಾಯಿದೆ, ಅಂದರೆ ಕೋರ್ಟಿನ ತಾರೀಖು ಇರುವ ದಿನ ಮಾವ ಎಂದಿಗಿಂತ ಒಂದು ಗಂಟೆ ಮೊದಲೇ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಬಿಳಿ ಷರ್ಟು ತೊಟ್ಟು ಟೆಂಪೋ ಹತ್ತುತ್ತಾರೆ. ಕಳೆದ ಬಾರಿ ನಾನೂ ಹೋಗಿದ್ದೆ. ಹನ್ನೆರಡು ಜನ, ಪೇಪರಿನಲ್ಲಿ ಕಟ್ಟಿದ ಚಿತ್ರಾನ್ನ, ನರಸಾಪುರ ದಾಟಿದ ಮೇಲೆ ಒಂದು ಟೀ, ಹೊಸಕೋಟೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಹೊರಗೆ ಹತ್ತೂವರೆಗೆ ನಿಂತೆವು. ಕಾರು ಬಂತು, ನಾಯಕರು ಇಳಿದು ಕೈಮುಗಿದರು, ಒಳಗೆ ಹೋದರು. ಅರ್ಧ ಗಂಟೆಯೊಳಗೆ ಹೊರಬಂದು ಕಾರು ಹತ್ತಿದರು. ಒಳಗೆ ನಡೆದದ್ದು ಇಷ್ಟೇ: ಸಾಕ್ಷಿ ಬಂದಿರಲಿಲ್ಲ, ಮುಂದಿನ ತಾರೀಖು ಬಿತ್ತು.

ವಾಪಸ್ ಬರುವಾಗ ಟೆಂಪೋದಲ್ಲಿ ಎಲ್ಲರೂ ಖುಷಿಯಾಗಿದ್ದರು. “ನೋಡಿದ್ಯೇನಪ್ಪಾ, ಏನೂ ಆಗ್ಲಿಲ್ಲ. ಕೇಸಲ್ಲಿ ಏನಾರ ಇದ್ದಿದ್ರೆ ಇಷ್ಟೊತ್ಗೆ ಒಳಗಾಕ್ತಿದ್ರು,” ಅಂದರು ಮಾವ. “ನನ್ ಕಡೆ ನೋಡಿ ತಲೆ ಆಡಿಸುದ್ರು, ಅದೂ ನೋಡ್ದಾ?”

ವಿಚಾರಣೆ ಮುಂದೆ ಹೋದ ಪ್ರತಿ ದಿನವೂ ಬೆಂಬಲಿಗನ ಲೆಕ್ಕದಲ್ಲಿ ಆರೋಪ ಸುಳ್ಳು ಎಂಬುದಕ್ಕೆ ಇನ್ನೊಂದು ಸಾಕ್ಷಿ. ನ್ಯಾಯಾಲಯದ ಲೆಕ್ಕದಲ್ಲಿ ಅದು ಬರೀ ಒಂದು ತಾರೀಖು. ನಿಷ್ಠೆ ಇಷ್ಟು ವರ್ಷ ಬಾಳುವುದಕ್ಕೆ ವ್ಯಕ್ತಿಪೂಜೆ, ಜಾತಿ, ಹಣ ಎಂದು ಕಾರಣ ಕೊಡುತ್ತೇವೆ. ಅವೆಲ್ಲ ಇವೆ. ಆದರೆ ಅವುಗಳಷ್ಟೇ ದೊಡ್ಡ ಕಾರಣ ಕಾಲ. ತೀರ್ಪು ಬರುವಷ್ಟರಲ್ಲಿ ಆ ತೀರ್ಪಿಗೆ ಊರಿನಲ್ಲಿ ಮಾಡುವ ಕೆಲಸವೇ ಉಳಿದಿರುವುದಿಲ್ಲ.

ತುಮಕೂರನ್ನೇ ನೋಡಿ. 2018ರ ವಿಧಾನಸಭೆ ಚುನಾವಣೆಯಲ್ಲಿ ತುಮಕೂರು ಗ್ರಾಮಾಂತರದಿಂದ ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಗೆದ್ದರು. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿ ಗೆದ್ದಿದ್ದಾರೆ ಎಂದು ಸೋತ ಅಭ್ಯರ್ಥಿ, ಬಿಜೆಪಿಯ ಬಿ. ಸುರೇಶ್ ಗೌಡ ಹೈಕೋರ್ಟಿಗೆ ಹೋದರು. ಇಂಥ ತಕರಾರು ಅರ್ಜಿಯ ವಿಚಾರಣೆಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 86ನೇ ಸೆಕ್ಷನ್ ಹೇಳುತ್ತದೆ. ಆಯ್ಕೆ ಅಸಿಂಧು ಎಂಬ ತೀರ್ಪು ಬಂದದ್ದು 2023ರ ಮಾರ್ಚ್ 30ರಂದು. ಅದರ ಹಿಂದಿನ ದಿನವೇ ಚುನಾವಣಾ ಆಯೋಗ ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟಿಸಿತ್ತು. ಹೆಚ್ಚುಕಡಿಮೆ ಐದು ವರ್ಷದ ಅವಧಿ ಪೂರ್ತಿಯಾಗಿತ್ತು. ಗೌರಿಶಂಕರ್ ಸುಪ್ರೀಂ ಕೋರ್ಟಿನಿಂದ ಅವಕಾಶ ಪಡೆದು ಮತ್ತೆ ಕಣಕ್ಕಿಳಿದರು, ಅದೇ ಸುರೇಶ್ ಗೌಡರ ಎದುರು ಸೋತರು. ಗೆದ್ದವರ ಪರ ನಿಂತ ಸಾಮಾನ್ಯ ಮತದಾರನ ಜಾಗದಲ್ಲಿ ನಿಂತು ಯೋಚಿಸಿದರೆ ಈ ತೀರ್ಪು ಅವನಿಗೆ ಏನು ಹೇಳಿತು? ಐದು ವರ್ಷ ನಮ್ಮ ಶಾಸಕರೇ ಶಾಸಕರು, ಅನುದಾನ ತಂದವರೂ ಅವರೇ, ಮದುವೆ ಮನೆಗೆ ಬಂದವರೂ ಅವರೇ. ಎಲ್ಲ ಮುಗಿದ ಮೇಲೆ ಅವರು ಶಾಸಕರಾದದ್ದೇ ಸರಿಯಲ್ಲ ಎಂದರೆ ಅವನು ಅದನ್ನು ಯಾವ ಅನುಭವಕ್ಕೆ ಜೋಡಿಸಿಕೊಳ್ಳಬೇಕು?

ನಮ್ಮ ಜಿಲ್ಲೆಯ ಮಾಲೂರಿನದು ಬೇರೆ ತರಹದ ಪ್ರಕರಣ. ಅಲ್ಲಿ ವಿವಾದ ಇದ್ದದ್ದು ಮತ ಎಣಿಕೆಯ ಬಗ್ಗೆ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡ 248 ಮತಗಳಿಂದ ಗೆದ್ದರು. ಬಿಜೆಪಿಯ ಕೆ.ಎಸ್. ಮಂಜುನಾಥಗೌಡರ ಅರ್ಜಿಯ ಮೇಲೆ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಒಂದು ಕ್ಷೇತ್ರದ ಮತ ಎಣಿಸಲು ಒಂದು ಬೆಳಗು ಸಾಕು. ಮತ್ತೆ ಎಣಿಸಿ ಎಂದು ಹೇಳಿಸಿಕೊಳ್ಳುವುದಕ್ಕೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು.

ಇನ್ನು ಆ ಖಾಲಿ ಜಾಗಕ್ಕೆ, ಅಂದರೆ ಕೇಸ್ ಬೀಳುವುದಕ್ಕೂ ಬಿದ್ದುಹೋಗುವುದಕ್ಕೂ ನಡುವಿನ ಮೆಟ್ಟಿಲುಗಳಿಗೆ ಬರೋಣ. ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಮೋಸ ಮಾಡುತ್ತದೆ. ಜಾಮೀನು ಸಿಕ್ಕು ಜೈಲಿನಿಂದ ಹೊರಬಂದರೆ ‘ಬಿಡುಗಡೆ’. ತಪ್ಪು ಸಾಬೀತಾಗದೆ ಕೋರ್ಟ್ ಖುಲಾಸೆ ಮಾಡಿದರೂ ‘ಬಿಡುಗಡೆ’. ಎರಡಕ್ಕೂ ಅದೇ ಪಟಾಕಿ, ಅದೇ ಕ್ರೇನ್ ಹಾರ. ಜಾಮೀನು ಎಂದರೆ ವಿಚಾರಣೆ ನಡೆಯುವಷ್ಟು ದಿನ ಹೊರಗಿರು, ಕರೆದಾಗ ಬಾ ಎನ್ನುವುದಷ್ಟೇ. ತಡೆಯಾಜ್ಞೆ ಎಂದರೆ ಸದ್ಯಕ್ಕೆ ನಿಲ್ಲಿಸಿ ಎಂದು. ‘ಬಿ ರಿಪೋರ್ಟ್’ ಎಂದರೆ ಸಾಕ್ಷ್ಯ ಸಿಗಲಿಲ್ಲ ಎಂದು ತನಿಖಾಧಿಕಾರಿ ಕೋರ್ಟಿಗೆ ಕೊಡುವ ವರದಿ. ಅದನ್ನು ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಬಗ್ಗೆ ಲೋಕಾಯುಕ್ತ ಪೊಲೀಸರು 2025ರ ಫೆಬ್ರುವರಿಯಲ್ಲಿ ಸಾಕ್ಷ್ಯವಿಲ್ಲವೆಂದು ವರದಿ ಕೊಟ್ಟಾಗ ‘ಕ್ಲೀನ್ ಚಿಟ್’ ಎಂಬ ಮಾತು ಊರೂರಿಗೆ ತಲುಪಿತು. ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಆ ವರದಿಯ ಮೇಲೆ ತೀರ್ಮಾನವನ್ನು ಮುಂದೂಡಿ, ತನಿಖೆ ಮುಂದುವರಿಸಿ ಎಂದ ಸುದ್ದಿ ಅಷ್ಟು ದೂರ ಬರಲಿಲ್ಲ.

‘ರದ್ದು’ ಎಂಬುದು ಇನ್ನೊಂದು ಮೆಟ್ಟಿಲು. ಇದು ನಿಜಕ್ಕೂ ಮುಕ್ತಿ, ಆದರೆ ಯಾವ ಕಾರಣಕ್ಕೆ ರದ್ದಾಯಿತು ಎಂಬುದನ್ನು ಓದಬೇಕು. ಡಿ.ಕೆ. ಶಿವಕುಮಾರ್ ಅವರನ್ನು ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ., 2019ರ ಸೆಪ್ಟೆಂಬರ್ 3ರಂದು ಬಂಧಿಸಿತು. ಅಕ್ಟೋಬರ್ 23ರಂದು ಜಾಮೀನು ಸಿಕ್ಕಿತು. ತಿಹಾರ್ ಜೈಲಿನಿಂದ ಬಂದವರನ್ನು ಬೆಂಗಳೂರಿನಲ್ಲಿ ಸ್ವಾಗತಿಸಿದ ಜನಸಾಗರ ಎಲ್ಲರಿಗೂ ನೆನಪಿದೆ. 2023ರಲ್ಲಿ ಕನಕಪುರ ಅವರನ್ನು 1.22 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆಲ್ಲಿಸಿತು. 2024ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಇ.ಡಿ. ಪ್ರಕರಣವನ್ನೇ ರದ್ದು ಮಾಡಿತು. ಕಾರಣ ಕಾನೂನಿನದು: ಅಕ್ರಮ ಹಣ ವರ್ಗಾವಣೆ ಕಾಯ್ದೆಯಡಿ ಕ್ರಮ ಜರುಗಿಸಬೇಕಾದರೆ ಆ ಕಾಯ್ದೆಯ ಪಟ್ಟಿಯಲ್ಲಿರುವ ಒಂದು ಮೂಲ ಅಪರಾಧ ಇರಬೇಕು, ಪಟ್ಟಿಯಲ್ಲಿರುವ ಅಪರಾಧಕ್ಕಾಗಿ ನಡೆದ ಸಂಚಲ್ಲದಿದ್ದರೆ ಒಳಸಂಚಿನ ಸೆಕ್ಷನ್ ಒಂದೇ ಸಾಲದು ಎಂದು ಕೋರ್ಟ್ ಮೊದಲೇ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಐವತ್ತು ದಿನ ಜೈಲಿನಲ್ಲಿದ್ದ ಮನುಷ್ಯನ ಮೇಲಿನ ಪ್ರಕರಣಕ್ಕೆ ಬುನಾದಿಯೇ ಇರಲಿಲ್ಲ ಎಂದಾಯಿತು. ಇದನ್ನು ಕಂಡ ಬೆಂಬಲಿಗ “ನಾವು ಅವತ್ತೇ ಹೇಳಿರ್ಲಿಲ್ವಾ” ಅಂದರೆ ಅವನನ್ನು ಮೂರ್ಖ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಿ.ಎಸ್. ಯಡಿಯೂರಪ್ಪನವರ ಕಥೆಯೂ ಹೀಗೇ ಕೆಲಸ ಮಾಡಿತು. 2011ರ ಅಕ್ಟೋಬರ್‌ನಲ್ಲಿ ಜೈಲು. ಗಣಿ ಕಂಪನಿಯಿಂದ ಟ್ರಸ್ಟಿಗೆ ಹಣ ಬಂದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯದಿಂದ ಖುಲಾಸೆ. ಆಮೇಲೆ ಮತ್ತೆ ಮುಖ್ಯಮಂತ್ರಿ. ಆದರೆ ಇದೇ ನೆನಪಿನಲ್ಲಿ ಗಾಲಿ ಜನಾರ್ದನ ರೆಡ್ಡಿಯವರ ಪ್ರಕರಣವನ್ನೂ ಇಟ್ಟುಕೊಳ್ಳಬೇಕಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಬಂಧನ, ಮಧ್ಯೆ ಹೊಸ ಪಕ್ಷ, 2023ರಲ್ಲಿ ಗಂಗಾವತಿಯಲ್ಲಿ ಗೆಲುವು. ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ತಪ್ಪಿತಸ್ಥನೆಂದು ಏಳು ವರ್ಷ ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಂದರೆ ಹದಿನಾಲ್ಕು ವರ್ಷದಲ್ಲಿ ಬೆಂಬಲಿಗನಿಗೆ ‘ಇದು ಮುಗಿಯಿತು’ ಎನ್ನುವ ದಿನ ಬರಲೇ ಇಲ್ಲ. ಖುಲಾಸೆ ಆದವರನ್ನು ನಾವು ಹೆಸರಿಡಿದು ನೆನೆಯುತ್ತೇವೆ, ಶಿಕ್ಷೆ ಆದವರ ವಿಷಯಕ್ಕೆ ‘ಮೇಲಿನ ಕೋರ್ಟಲ್ಲಿ ನೋಡೋಣ’ ಅನ್ನುತ್ತೇವೆ.

ಕೋಲಾರಕ್ಕೆ ಈ ವಿಷಯದಲ್ಲಿ ತನ್ನದೇ ಒಂದು ಅಧ್ಯಾಯವಿದೆ. 2019ರ ಏಪ್ರಿಲ್ 13ರಂದು ಲೋಕಸಭಾ ಚುನಾವಣೆಯ ಪ್ರಚಾರಕ್ಕೆ ಬಂದ ರಾಹುಲ್ ಗಾಂಧಿ ನಮ್ಮೂರ ವೇದಿಕೆಯಲ್ಲೇ ‘ಕಳ್ಳರಿಗೆಲ್ಲ ಮೋದಿ ಎಂಬ ಉಪನಾಮವೇ ಯಾಕೆ’ ಎಂಬರ್ಥದ ಆ ಮಾತು ಆಡಿದ್ದು. ಮಾತು ಕೋಲಾರದ್ದು, ಮೊಕದ್ದಮೆ ಸೂರತ್ತಿನದು. ದೂರು ಕೊಟ್ಟವರು ಅಲ್ಲಿನ ಬಿಜೆಪಿ ಶಾಸಕ ಪೂರ್ಣೇಶ್ ಮೋದಿ. 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆ, ಮಾನನಷ್ಟಕ್ಕೆ ಕಾಯ್ದೆಯಲ್ಲಿದ್ದ ಗರಿಷ್ಠ ಶಿಕ್ಷೆ. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಅನರ್ಹತೆ ಎನ್ನುವುದು ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್. ಹಿಂದೆ ಸಂಸದ, ಶಾಸಕರಿಗೆ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ರಕ್ಷಣೆ ಇತ್ತು. 2013ರ ಜುಲೈ 10ರ ಲಿಲಿ ಥಾಮಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಾಗಾಗಿ ತೀರ್ಪು ಬರಲು ನಾಲ್ಕು ವರ್ಷ, ಸ್ಥಾನ ಹೋಗಲು ಒಂದು ದಿನ. 2023ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷನಿರ್ಣಯಕ್ಕೆ ತಡೆ ಕೊಟ್ಟಿತು. ಗರಿಷ್ಠ ಶಿಕ್ಷೆಯನ್ನೇ ಯಾಕೆ ಕೊಟ್ಟಿರಿ ಎಂಬುದಕ್ಕೆ ಕೆಳಗಿನ ಕೋರ್ಟ್ ಕಾರಣ ಹೇಳಿಲ್ಲ, ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದಿತು. ಆಗಸ್ಟ್ 7ಕ್ಕೆ ಸದಸ್ಯತ್ವ ಮರಳಿತು. ಅದಕ್ಕೂ ಮೊದಲು, ಅನರ್ಹರಾಗಿದ್ದಾಗಲೇ, ಏಪ್ರಿಲ್ 16ರಂದು ಅವರು ಮತ್ತೆ ಕೋಲಾರಕ್ಕೆ ಬಂದು ‘ಜೈ ಭಾರತ್’ ಸಮಾವೇಶದಲ್ಲಿ ಮಾತಾಡಿದ್ದರು. ಮಾತಾಡಿದ ಊರಿಗೇ ವಾಪಸ್ ಬಂದಿದ್ದಾರೆ ಎಂಬುದನ್ನು ಕಾಂಗ್ರೆಸ್ಸಿನವರು ಧೈರ್ಯ ಎಂದು ಹೇಳಿಕೊಂಡರು. ಎದುರು ಪಕ್ಷದವರಿಗೆ ಅದು ಪಶ್ಚಾತ್ತಾಪವಿಲ್ಲದ ನಡವಳಿಕೆ. ಶಿಕ್ಷೆಯ ಆದೇಶ ಒಂದೇ, ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಅದರ ಎರಡು ಓದು.

ಇಲ್ಲಿಗೆ ಬಂದರೆ ಬೆಂಬಲಿಗರ ದೊಡ್ಡ ವಾದ ಎದುರಾಗುತ್ತದೆ: “ಇವರೊಬ್ಬರ ಮೇಲೇ ಯಾಕೆ? ಆ ಕಡೆಗೆ ಹೋದೋರ ಕೇಸೆಲ್ಲ ಎಲ್ಲೋಯ್ತು?” ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ತನಿಖಾ ಸಂಸ್ಥೆಗಳ ಕೈ ಯಾರ ಮನೆ ಬಾಗಿಲನ್ನು ಹೆಚ್ಚು ತಟ್ಟುತ್ತದೆ, ಪಕ್ಷ ಬದಲಿಸಿದವರ ಕಡತ ಯಾಕೆ ಮಲಗುತ್ತದೆ ಎಂದು ಕೇಳುವ ಹಕ್ಕು ಹಾಲು ಹಾಕುವ ಮಾವನಿಗೂ ಇದೆ. ಕೇಂದ್ರದಲ್ಲಿ ಒಬ್ಬರು, ರಾಜ್ಯದಲ್ಲಿ ಇನ್ನೊಬ್ಬರು ಅಧಿಕಾರದಲ್ಲಿದ್ದಾಗ ಇ.ಡಿ., ಸಿಬಿಐ ಒಂದು ಕಡೆ, ಸಿಐಡಿ, ಎಸ್‌ಐಟಿ ಇನ್ನೊಂದು ಕಡೆ ನಿಂತಂತೆ ಕಾಣುವುದು ಜನರ ಭ್ರಮೆಯಲ್ಲ. ಆದರೆ ‘ಇವರ ಮೇಲೇ ಯಾಕೆ’ ಎಂಬ ಪ್ರಶ್ನೆ ತನಿಖಾ ಸಂಸ್ಥೆಗೆ ಕೇಳಬೇಕಾದದ್ದು. ‘ಇವರು ಮಾಡಿದ್ದಾರೋ ಇಲ್ಲವೋ’ ಎಂಬುದು ನಾಯಕನಿಗೆ ಕೇಳಬೇಕಾದದ್ದು. ದ್ವೇಷದಿಂದ ಹಾಕಿದ ಕೇಸಿನಲ್ಲೂ ತಪ್ಪು ನಿಜವಿರಬಹುದು. ನಾವು ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಹಚ್ಚಿಬಿಡುತ್ತೇವೆ. ನಾಯಕರಿಗೂ ಬೇಕಿರುವುದು ಅದೇ. ಸಮನ್ಸ್ ಬಂದ ದಿನ ಅವರು ಆರೋಪಕ್ಕೆ ಉತ್ತರ ಕೊಡುವುದಿಲ್ಲ, ‘ಇದು ನನ್ನ ಜನರಿಗೆ ಮಾಡಿದ ಅವಮಾನ’ ಅನ್ನುತ್ತಾರೆ. ಅಲ್ಲಿಗೆ ಕೇಸು ನಾಯಕನ ಹೆಗಲಿನಿಂದ ಇಳಿದು ಸಮುದಾಯದ ಹೆಗಲಿಗೆ ಏರುತ್ತದೆ.

ಹಾಗಾದರೆ ಮಾವನಂಥವರು ಆ ಭಾರ ಯಾಕೆ ಹೊರುತ್ತಾರೆ? ಅವರ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎರಡು ಕಾಗದ. ಒಂದು, ಅತ್ತೆಗೆ ಆಪರೇಷನ್ ಆದಾಗ ಮುಖ್ಯಮಂತ್ರಿ ಪರಿಹಾರ ನಿಧಿಗೆ ಸಾಹೇಬರು ಕೊಟ್ಟ ಶಿಫಾರಸು ಪತ್ರದ ಜೆರಾಕ್ಸ್. ಇನ್ನೊಂದು, ಬಗರ್‌ಹುಕುಂ ಜಮೀನಿಗೆ ಹಾಕಿದ ಫಾರಂ 53ರ ಸ್ವೀಕೃತಿ, ಮಡಿಕೆಯಲ್ಲಿ ಹರಿದು ಮತ್ತೆ ಅಂಟಿಸಿದ್ದು. ಮೊದಲನೆಯದು ಆದ ಕೆಲಸ, ಎರಡನೆಯದು ಆಗಬೇಕಾದ ಕೆಲಸ. ಸರ್ಕಾರಿ ಜಮೀನನ್ನು ಉಳುತ್ತಿರುವ ಬಡವರಿಗೆ ಸಕ್ರಮ ಮಾಡಿಕೊಡುವ ಬಗರ್‌ಹುಕುಂ ಸಮಿತಿಗೆ ಆಯಾ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಶಾಸಕರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಕಾನೂನೇ. ಅರ್ಜಿ ಮಾವನ ಹಕ್ಕಿನದು, ಬಾಗಿಲು ಮಾತ್ರ ಶಾಸಕರದು. ಪಹಣಿಯಲ್ಲಿ ತಪ್ಪಾಗಿರುವ ಹೆಸರು, ಪೌತಿ ಖಾತೆ, ಸುಟ್ಟ ಟ್ರಾನ್ಸ್‌ಫಾರ್ಮರ್, ಆಸ್ಪತ್ರೆಯ ಬೆಡ್ಡು, ಸೊಸೈಟಿ ಸಾಲ: ಇವೆಲ್ಲ ಅರ್ಜಿ ಕೊಟ್ಟರೆ ಆಗಬೇಕಾದ ಕೆಲಸಗಳು. ಫೋನ್ ಮಾಡಿಸಿದರೆ ಆಗುವ ಕೆಲಸಗಳಾಗಿ ಬದಲಾಗಿವೆ. ಫೋನ್ ಮಾಡುವವನು ಜೈಲಿಗೆ ಹೋದರೆ ಊರಿನ ನೂರು ಅರ್ಜಿಗಳು ಅನಾಥ ಆಗುತ್ತವೆ. ಮಾವ ಕೋರ್ಟಿನ ಹೊರಗೆ ಕೈಯೆತ್ತಿ ನಿಂತದ್ದು ಕೃತಜ್ಞತೆಯಿಂದ ಹೌದು, ಭಯದಿಂದಲೂ ಹೌದು. ಎರಡನ್ನೂ ಬೇರೆ ಮಾಡಲು ಅವರಿಗೇ ಬರುವುದಿಲ್ಲ.

ಪಟ್ಟಣದಲ್ಲಿ ಕೂತು ‘ಇವರು ಐನೂರು ರೂಪಾಯಿಗೆ ಬಂದವರು’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥವರೂ ಇರುತ್ತಾರೆ. ಆದರೆ ಆ ದಿನ ಟೆಂಪೋದ ಬಾಡಿಗೆಗೆ ಮಾವ ತಮ್ಮ ಪಾಲು ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತು ದಿನದ ಹಾಲಿನ ಬಿಲ್ಲಿನಿಂದ ತೆಗೆದಿಟ್ಟ ದುಡ್ಡು.

ಕಾನೂನು ಮತದಾರನಿಗೆ ಒಂದು ಸಾಧನ ಕೊಟ್ಟಿದೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಭ್ಯರ್ಥಿಗಳು ತಮ್ಮ ಮೇಲಿನ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕು. 2018ರ ತೀರ್ಪಿನ ಪ್ರಕಾರ ಪತ್ರಿಕೆ, ಟಿವಿಗಳಲ್ಲೂ ಪ್ರಕಟಿಸಬೇಕು. 2020ರ ಫೆಬ್ರುವರಿಯ ಆದೇಶದಂತೆ, ಕಳಂಕವಿಲ್ಲದ ಬೇರೆಯವರನ್ನು ಬಿಟ್ಟು ಇವರನ್ನೇ ಯಾಕೆ ಆರಿಸಿದಿರಿ ಎಂದು ಪಕ್ಷಗಳು ಕಾರಣ ಕೊಡಬೇಕು. ‘ಗೆಲ್ಲುವ ಸಾಮರ್ಥ್ಯ’ ಒಂದೇ ಕಾರಣ ಆಗಕೂಡದು. ಪಕ್ಷಗಳು ಜನಪ್ರಿಯತೆ, ಸಮಾಜಸೇವೆ ಎಂದು ಬರೆದು ಮುಗಿಸುತ್ತವೆ. ಮಾವನಿಗೆ ಈ ಮಾಹಿತಿ ಬೇಕಾಗಿಲ್ಲ ಎಂದಲ್ಲ. ಅವರಿಗೆ ಕೇಸ್ ಇರುವುದು ಗೊತ್ತು. ಗೊತ್ತಿದ್ದೂ ಮತ ಹಾಕುತ್ತಾರೆ, ಯಾಕೆಂದರೆ ಕೇಸಿಲ್ಲದ ಅಭ್ಯರ್ಥಿ ಗೆದ್ದರೆ ಬಗರ್‌ಹುಕುಂ ಕಡತ ತಾನಾಗಿಯೇ ಚಲಿಸುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಈ ನಿಷ್ಠೆಯ ಬೆಲೆಯನ್ನು ನಾಯಕರಿಗಿಂತ ಹೆಚ್ಚಾಗಿ ತೆರುವವರು ಇನ್ನೊಂದು ವಯಸ್ಸಿನವರು. ನಮ್ಮೂರಲ್ಲಿ ಒಬ್ಬ ಹುಡುಗ ಇದ್ದಾನೆ, ಐಟಿಐ ಓದಿದವನು. ಸಾಹೇಬರನ್ನು ವಿಚಾರಣೆಗೆ ಕರೆದ ದಿನ ಹೆದ್ದಾರಿಯಲ್ಲಿ ಟೈರಿಗೆ ಬೆಂಕಿ ಹಚ್ಚಿದವರ ಗುಂಪಿನಲ್ಲಿದ್ದ. ಮೊಬೈಲ್ ವಿಡಿಯೊದಲ್ಲಿ ಮುಖ ಸಿಕ್ಕಿತು. ಅಕ್ರಮ ಕೂಟ, ದೊಂಬಿ, ರಸ್ತೆ ತಡೆ ಎಂದು ಕೇಸ್ ಬಿತ್ತು. ಅವನಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ ಗಟ್ಟಿಯಾಗುವುದರಲ್ಲಿತ್ತು. ಪೊಲೀಸ್ ವೆರಿಫಿಕೇಷನ್ ಕೇಳಿದರು, ಅಲ್ಲಿಗೆ ನಿಂತಿತು. ಸಾಹೇಬರಿಗೆ ಹೈಕೋರ್ಟಿನಲ್ಲಿ ಹಿರಿಯ ವಕೀಲರಿದ್ದಾರೆ, ತಡೆಯಾಜ್ಞೆ ತರುತ್ತಾರೆ. ಹುಡುಗನ ಅಪ್ಪ ಟೊಮೆಟೊ ಮಾರಿದ ದುಡ್ಡಿನಲ್ಲಿ ತಾಲ್ಲೂಕು ಕೋರ್ಟಿನ ವಕೀಲರಿಗೆ ಕಂತು ಕಟ್ಟುತ್ತಾನೆ. ‘ಸರ್ಕಾರ ಬಂದ ಮೇಲೆ ನಿಮ್ಮ ಕೇಸೆಲ್ಲ ವಾಪಸ್ ತಗೊಳ್ತೀವಿ’ ಎಂದು ಯಾರೋ ಹೇಳಿ ಹೋಗಿದ್ದಾರೆ. ಹಿಂತೆಗೆದುಕೊಳ್ಳುವ ಅಧಿಕಾರ ಸರ್ಕಾರಿ ಅಭಿಯೋಜಕರಿಗೆ ಇದೆ, ಆದರೆ ಕೋರ್ಟ್ ಒಪ್ಪಬೇಕು. ಸಂಪುಟದ ಮುಂದೆ ಹೋಗುವ ಪಟ್ಟಿಯಲ್ಲಿ ಯಾರ ಹೆಸರು ಸೇರುತ್ತದೆ ಎಂಬುದಕ್ಕೆ ಮತ್ತೆ ಅದೇ ಫೋನ್ ಬೇಕು.

ಮೊನ್ನೆ ಅವನ ವಾಯಿದೆ ಇತ್ತು. ನಾನು ಹೋಗಿದ್ದೆ. ಟೆಂಪೋ ಇರಲಿಲ್ಲ, ಬಿಳಿ ಷರ್ಟಿನವರು ಯಾರೂ ಇರಲಿಲ್ಲ. ಹುಡುಗ, ಅವನ ಅಪ್ಪ, ನಾನು, ಮತ್ತೆ ನಾನು ಕರೆದೆನೆಂದು ಬಂದ ಮಾವ. ಮಧ್ಯಾಹ್ನ ಎರಡು ಗಂಟೆಗೆ ಜವಾನ ಹೆಸರು ಕೂಗಿದ. ಹುಡುಗ ಕಟಕಟೆಯ ಹತ್ತಿರ ಹೋಗಿ ಕೈಕಟ್ಟಿ ನಿಂತ. ಅಲ್ಲೂ ಸಾಕ್ಷಿ ಬಂದಿರಲಿಲ್ಲ. ಎರಡು ತಿಂಗಳ ಆಚೆಗೆ ತಾರೀಖು ಬಿತ್ತು.

ಹೊರಗೆ ಹುಣಸೆ ಮರದ ಕೆಳಗೆ ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ವಕೀಲರ ಕಡೆ ತಿರುಗಿ, “ಇವ್ನ್ ಕೇಸ್ ಯಾವಾಗ ಬಿದ್ದೋಯ್ತದೆ ಸಾರ್?” ಅಂದರು. ಹೇಳಕ್ಕಾಗಲ್ಲ, ಸಾಕ್ಷಿ ಬರಬೇಕು ಅಂದರು ವಕೀಲರು. ಮಾವ ಜೇಬಿನಿಂದ ಡೇರಿಯ ಪಾಸ್‌ಬುಕ್ ತೆಗೆದು, ನನ್ನ ಪೆನ್ನು ಇಸಕೊಂಡು, ಹಿಂದಿನ ಹಾಳೆಯಲ್ಲಿ ಸಾಹೇಬರ ತಾರೀಖಿನ ಕೆಳಗೆ ಹುಡುಗನ ತಾರೀಖನ್ನೂ ಬರೆದುಕೊಂಡರು.